ಮೂರು ವರ್ಷ ಮಗುಚಿಟ್ಟಿದ್ದ ದೋಣಿ: ಹಿಂಬದಿ ಮೆತ್ತಗಾಗಿದೆ, ಎಲ್ಲಿಂದ ಶುರು ಮಾಡಲಿ?

ತೋಳಹುಣಸೆ ದೋಣಿ – ಭಾನುವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ನನ್ನದು ಹದಿನಾಲ್ಕು ಅಡಿಯ ಫೈಬರ್ ದೋಣಿ. ಕರಾವಳಿಯಲ್ಲಿ ಯಾರೋ ಮೀನು ಹಿಡಿದು ಸಾಕಾಗಿ ಬಿಟ್ಟದ್ದನ್ನು ಕೊಂಡು, ಗೂಡ್ಸ್ ಗಾಡಿಯಲ್ಲಿ ಘಟ್ಟ ಹತ್ತಿಸಿ ತಂದಿದ್ದೆ. ಬಯಲುಸೀಮೆಯವನಿಗೆ ದೋಣಿಯ ಹುಚ್ಚು ಏಕೆ ಎಂದು ಕೇಳದವರಿಲ್ಲ. ಎರಡು ವರ್ಷ ಸೂಳೆಕೆರೆಯಲ್ಲಿ ಹುಟ್ಟು ಹಾಕಿದೆ. ಆಮೇಲೆ ಮಳೆ ಕೈಕೊಟ್ಟಿತು, ನೀರು ದಡ ಬಿಟ್ಟು ದೂರ ಸರಿಯಿತು. ದೋಣಿಯನ್ನು ಎಳೆದು ತಂದು ಷಡ್ಡಕನ ಅಡಿಕೆ ತೋಟದ ಅಂಚಿನಲ್ಲಿ ಮಗುಚಿಟ್ಟೆ. ಮೂರು ವರ್ಷ ಅದರ ಕೆಳಗೆ ಒಂದು ಕೇರೆ ಹಾವು ಸಂಸಾರ ಮಾಡಿತೇ ಹೊರತು ನಾನು ತಿರುಗಿ ನೋಡಲಿಲ್ಲ.

ಈಗ ಕೆರೆ ತುಂಬಿದೆ. ದೋಣಿ ತಿರುಗಿಸಿದರೆ ಹೊರ ಮೈ ಮುಟ್ಟಿದ ಕೈಗೆ ಸುಣ್ಣದಂತೆ ಬಿಳಿ ಪುಡಿ ಅಂಟುತ್ತದೆ. ಆಸನದ ಕೆಳಗೆ ಜೇಡರ ಬಲೆಯಂತೆ ಬಿರುಕು. ಎಂಜಿನ್ ಕಟ್ಟುವ ಹಿಂಬದಿ ಹಲಗೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಸ್ವಲ್ಪ ಒಳಗೆ ಹೋಗುತ್ತದೆ. ತಳದಲ್ಲಿ ಒಂದು ಕಡೆ ಹಿಂದೆ ಸೋರುತ್ತಿತ್ತು. ಅದಕ್ಕೆ ಆಗ ಏನು ಮಾಡಿದೆ ಎಂದು ಹೇಳಲು ನಾಚಿಕೆಯಾಗುತ್ತದೆ: ರಸ್ತೆ ಕೆಲಸದವರಿಂದ ಒಂದು ಡಬ್ಬಿ ಡಾಂಬರು ಕೇಳಿ ತಂದು ಬಳಿದಿದ್ದೆ.

ಎಲ್ಲವನ್ನೂ ನಾನೇ ಮಾಡಬೇಕೆಂದಿದೆ. ಕೊನೆಗೆ ಒಂದು ಸಣ್ಣ ವಿದ್ಯುತ್ ಮೋಟಾರನ್ನೂ ಕಟ್ಟುವ ಆಸೆ. ತಿಳಿದವರು ದಾರಿ ಹೇಳಿ.

ಹೊನ್ನಾಳಿ ಹರಿಗೋಲು – ಭಾನುವಾರ ಬೆಳಿಗ್ಗೆ

ಅಣ್ಣಾ, ಡಾಂಬರು ನಮ್ಮ ಹರಿಗೋಲಿನ ಔಷಧ, ನಿಮ್ಮ ದೋಣಿಗೆ ಅದೇ ವಿಷ. ನಾವು ಬಿದಿರಿನ ಹೆಣಿಗೆಗೆ ಪ್ಲಾಸ್ಟಿಕ್ ಹಾಳೆ ಹೊಚ್ಚಿ ಡಾಂಬರು ಬಳಿಯುತ್ತೇವೆ. ನಮ್ಮ ಅಜ್ಜನ ಕಾಲದಲ್ಲಿ ಹಾಳೆಯ ಬದಲು ಚರ್ಮವಿತ್ತು. ಡಾಂಬರಿನ ಮೇಲೆ ಮತ್ತೆ ಡಾಂಬರನ್ನೇ ಬಳಿಯುವುದರಿಂದ ನಮಗೆ ತೊಂದರೆಯಿಲ್ಲ. ಆದರೆ ಫೈಬರ್ ಮೇಲೆ ಒಮ್ಮೆ ಡಾಂಬರು ಕೂತಿತೆಂದರೆ ಅದರ ಮೇಲೆ ಯಾವ ಅಂಟೂ ಹಿಡಿಯುವುದಿಲ್ಲ. ಮೊದಲು ಅದನ್ನು ತೆಗೆಯಿರಿ.

ತೆಗೆಯುವುದು ಹೀಗೆ. ಬೆಳಗಿನ ಜಾವದ ತಂಪಿನಲ್ಲಿ ಡಾಂಬರು ಗಡುಸಾಗಿರುತ್ತದೆ. ಆಗ ಉಳಿಯಿಂದ ಮೀಟಿದರೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಬಿಸಿಲೇರಿದ ಮೇಲೆ ಹೋದರೆ ಉಳಿಗೂ ಅಂಗೈಗೂ ಅಂಟಿಕೊಂಡು ಹಲಸಿನ ಹಣ್ಣು ಬಿಡಿಸಿದಂತಾಗುತ್ತದೆ. ಉಳಿದ ಕಲೆಯನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಸೋಪಿನ ಪುಡಿ ಹಾಕಿ ತೊಳೆಯಿರಿ.

ಹಳೇ ಲೇತು, ಹರಿಹರ – ಭಾನುವಾರ ಮಧ್ಯಾಹ್ನ

ಒಂದು ಮಾತು ಸೇರಿಸುತ್ತೇನೆ. ಕಲೆ ಪೂರ್ತಿ ಹೋಗುವ ಮುನ್ನ ಉಜ್ಜುಕಾಗದ ಮುಟ್ಟಬೇಡಿ. ಎಣ್ಣೆಯಂಶ ಇರುವಾಗ ಉಜ್ಜಿದರೆ ಅದು ಗೀರುಗಳೊಳಗೆ ಇಳಿದು ಕೂರುತ್ತದೆ. ಮೊದಲು ತೊಳೆಯುವುದು, ಆಮೇಲೆ ಅಸಿಟೋನ್‌ನಲ್ಲಿ ಒರೆಸುವುದು, ಕೊನೆಗೆ ಉಜ್ಜುವುದು. ಅಸಿಟೋನ್ ಒರೆಸುವಾಗ ಒಂದು ಬಟ್ಟೆಯಲ್ಲಿ ಬಳಿದು, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಲ್ಲಿ ಎತ್ತಿಕೊಳ್ಳಬೇಕು. ಒಂದೇ ಬಟ್ಟೆಯಲ್ಲಿ ತಿಕ್ಕಿದರೆ ಕೊಳೆ ಇಲ್ಲಿಂದ ಅಲ್ಲಿಗೆ ಹೋಗುತ್ತದೆ, ಅಷ್ಟೆ.

ಹಿಂಬದಿ ಹಲಗೆಯ ಬಗ್ಗೆ: ಐದು ರೂಪಾಯಿ ನಾಣ್ಯ ಹಿಡಿದು ತಟ್ಟುತ್ತಾ ಹೋಗಿ, ತೆಂಗಿನಕಾಯಿ ತಟ್ಟಿ ನೋಡುವಂತೆ. ಗಟ್ಟಿ ಇರುವಲ್ಲಿ ಟಣ್ ಎನ್ನುತ್ತದೆ, ಕೊಳೆತಿರುವಲ್ಲಿ ದಬ್ ಎನ್ನುತ್ತದೆ. ಸೀಮೆಸುಣ್ಣದಲ್ಲಿ ಗುರುತು ಮಾಡಿ. ಆಮೇಲೆ ಹಳೆಯ ಎಂಜಿನ್ನಿನ ಬೋಲ್ಟ್ ಒಂದನ್ನು ಬಿಚ್ಚಿ ಒಳಗಿನಿಂದ ಏನು ಬರುತ್ತದೆ ನೋಡಿ. ನಂತರ ಮಾತನಾಡೋಣ.

ತೋಳಹುಣಸೆ ದೋಣಿ – ಭಾನುವಾರ ರಾತ್ರಿ

ಕೆಳಗಿನ ಬಲಗಡೆಯ ಬೋಲ್ಟ್ ಬಿಚ್ಚಿದೆ. ಮೂರು ಸೂತಿನ ಬೋಲ್ಟ್ (ಎಂಟು ಸೂತಿಗೆ ಒಂದು ಇಂಚು). ನಟ್ಟು ಸಡಿಲವಾದ ಕೂಡಲೇ ಕಪ್ಪು ನೀರು ಎಳೆಯಾಗಿ ಇಳಿಯಿತು, ಕಾಫಿ ಡಿಕಾಕ್ಷನ್ನಿನ ಬಣ್ಣ, ಗೊಬ್ಬರದ ಗುಂಡಿಗೆ ಹಾಕಿದ ಅಡಿಕೆ ಸಿಪ್ಪೆಯ ವಾಸನೆ. ಸ್ಕ್ರೂಡ್ರೈವರ್ ತೂರಿಸಿದರೆ ಒಂದು ಗೇಣು ಒಳಗೆ ಹೋಯಿತು. ತುದಿಗೆ ಅಂಟಿಕೊಂಡು ಬಂದದ್ದು ಮರವಲ್ಲ, ನೆನೆದ ರಾಗಿ ಹಿಟ್ಟಿನಂಥ ಮುದ್ದೆ. ಮೂರು ವರ್ಷ ಒಣ ನೆಲದ ಮೇಲಿದ್ದ ದೋಣಿಯೊಳಗೆ ನೀರು ಹೇಗೆ ಉಳಿಯಿತು?

ಹಳೇ ಲೇತು, ಹರಿಹರ – ಭಾನುವಾರ ರಾತ್ರಿ

ಎರಡೂ ಬದಿಗೆ ಫೈಬರ್ ಹೊದಿಕೆ, ನಡುವೆ ಪ್ಲೈವುಡ್. ಬೋಲ್ಟಿನ ರಂಧ್ರದಿಂದ ಒಳಹೋದ ನೀರಿಗೆ ಹೊರಬರಲು ದಾರಿಯಿಲ್ಲ. ಕರಾವಳಿಯಲ್ಲಿ ಕೊರೆದವರು ರಂಧ್ರದ ಒಳಗೋಡೆಗೆ ಏನೂ ಬಳಿಯದೆ ಬೋಲ್ಟ್ ಹಾಕಿ ಬಿಗಿದಿದ್ದಾರೆ. ರೋಗ ಅಲ್ಲಿಂದಲೇ ಬಂದದ್ದು.

ಒಳಬದಿಯ ಹೊದಿಕೆಯನ್ನು ಗ್ರೈಂಡರ್‌ನಲ್ಲಿ ಕಿಟಕಿಯಂತೆ ಕತ್ತರಿಸಿ ತೆಗೆಯಿರಿ. ಹೊರಗಿನ ಮೈ ಮುಟ್ಟಬೇಡಿ, ದೋಣಿಯ ಆಕಾರ ಇರುವುದು ಅದರಲ್ಲಿ. ಕೊಳೆತ ಮರವನ್ನು ಉಳಿಯಿಂದ ಕೆತ್ತಿ, ವಾರವಿಡೀ ಗಾಳಿಗೆ ಒಣಗಲು ಬಿಡಿ. ಹೊಸದಾಗಿ 18 ಮಿ.ಮೀ.ನ ಎರಡು ಮರೈನ್ ಪ್ಲೈ ಹಲಗೆಗಳನ್ನು ಒಂದಕ್ಕೊಂದು ಅಂಟಿಸಿ ಕೂರಿಸಬೇಕು. ಹಲಗೆಯ ಮೇಲೆ ಐಎಸ್ (ಭಾರತೀಯ ಮಾನಕ) 710 ಎಂಬ ಮುದ್ರೆ ಇರಲಿ. ಅಂಗಡಿಯವರು ಐಎಸ್ 303ರ ಹಲಗೆಯನ್ನೂ ವಾಟರ್‌ಪ್ರೂಫ್ ಎಂದೇ ಮಾರುತ್ತಾರೆ, ಅದು ಅಡುಗೆಮನೆ ಕಪಾಟಿಗೆ ಸಾಕು. 710ರ ಹಲಗೆ 72 ಗಂಟೆ ಕುದಿಸಿದರೂ ಪದರ ಬಿಡಬಾರದು. ನಂಬಿಕೆಯಿಲ್ಲದಿದ್ದರೆ ಅಂಗೈಯಗಲದ ತುಂಡನ್ನು ಬಚ್ಚಲ ಹಂಡೆಗೆ ಹಾಕಿ ಒಂದು ದಿನ ಕುದಿಸಿ. ಸುಳ್ಳು ಸರಕಾದರೆ ಸಂಜೆಯೊಳಗೆ ಪುಸ್ತಕದಂತೆ ಬಿಚ್ಚಿಕೊಳ್ಳುತ್ತದೆ.

ಬೋಲ್ಟಿನ ಕೆಲಸ ಕೊನೆಗೆ. ಮೂರು ಸೂತಿನ ಬೋಲ್ಟಿಗೆ ಮೊದಲು ಐದು ಸೂತಿನ ರಂಧ್ರ ಕೊರೆಯಿರಿ, ಅದನ್ನು ಗಟ್ಟಿಯಾಗಿ ಕಲಸಿದ ಎಪಾಕ್ಸಿ ಎಂಬ ಅಂಟುರಾಳದಿಂದ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಮೂರು ಸೂತಿನ ರಂಧ್ರ ಕೊರೆಯಿರಿ. ಆಗ ಬೋಲ್ಟಿಗೂ ಮರಕ್ಕೂ ಭೇಟಿಯೇ ಆಗುವುದಿಲ್ಲ.

ಬಸವಾಪಟ್ಟಣ ರಸಾಯನ – ಸೋಮವಾರ

ರಾಳದ ವಿಷಯ ಬಂದದ್ದರಿಂದ ಬರೆಯುತ್ತಿದ್ದೇನೆ. ಕಾಲೇಜಿನಲ್ಲಿ ಪಾಠ ಮಾಡುವುದು ಇದನ್ನೇ, ತಮ್ಮನ ಜೊತೆ ಸೇರಿ ಕೃಷಿ ಹೊಂಡದ ಪುಟ್ಟ ದೋಣಿಯಲ್ಲಿ ಕೈ ಸುಟ್ಟುಕೊಂಡು ಕಲಿತದ್ದೂ ಇದನ್ನೇ.

ನಮ್ಮ ಕಡೆಯ ಅಂಗಡಿಗಳಲ್ಲಿ ಫೈಬರ್ ರಾಳ ಎಂದು ಕೇಳಿದರೆ ಕೊಡುವುದು ಪಾಲಿಯೆಸ್ಟರ್. ಚಾವಣಿ ಶೀಟು, ಗಣಪತಿ ಮಂಟಪ, ಕಾರಿನ ಬಂಪರ್ ಎಲ್ಲಕ್ಕೂ ಅದೇ. ಹೊಸದಾಗಿ ದೋಣಿ ಅಚ್ಚು ಹಾಕಲು ಒಳ್ಳೆಯದು, ಅಗ್ಗ. ಆದರೆ ಮರಕ್ಕೆ ಅದು ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ನೀವು ಪ್ಲೈ ಕೂರಿಸುವವರಾದ್ದರಿಂದ ಹಿಂಬದಿಗೆ ಎಪಾಕ್ಸಿಯನ್ನೇ ಬಳಸಿ. ಹಳೆಯ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ. ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಹಿಡಿಯುವುದು ಅನುಮಾನ. ಆದ್ದರಿಂದ ಒಮ್ಮೆ ಎಪಾಕ್ಸಿಗೆ ಹೋದ ಜಾಗದಲ್ಲಿ ಹಿಂದಕ್ಕೆ ಬರಬೇಡಿ.

ಇನ್ನೊಂದು ವಿಷಯವನ್ನು ಅಂಗಡಿಯವರು ಹೇಳುವುದಿಲ್ಲ. ಚಾಪೆಯಂತಿರುವ ಸಾಮಾನ್ಯ ಫೈಬರ್ ಮ್ಯಾಟ್‌ನ ಎಳೆಗಳನ್ನು ಒಂದು ಅಂಟು ಹಿಡಿದಿರುತ್ತದೆ. ಪಾಲಿಯೆಸ್ಟರ್ ರಾಳದಲ್ಲಿರುವ ಸ್ಟೈರೀನ್ ಆ ಅಂಟನ್ನು ಕರಗಿಸುತ್ತದೆ, ಮ್ಯಾಟ್ ಮೆತ್ತಗಾಗಿ ಮೂಲೆಗೆ ಕೂರುತ್ತದೆ. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ. ಆ ಮ್ಯಾಟ್ ಎಪಾಕ್ಸಿಯಲ್ಲಿ ಒಣ ಚಪಾತಿಯಂತೆ ಸೆಟೆದು ನಿಲ್ಲುತ್ತದೆ. ಎಪಾಕ್ಸಿಗೆ ನೇಯ್ದ ಫೈಬರ್ ಬಟ್ಟೆ ತನ್ನಿ.

ತಳದ ಸೋರಿಕೆಗೆ ಪಾಲಿಯೆಸ್ಟರ್ ಸಾಕು ಎನ್ನಿಸಿದರೆ ಅಳತೆ ನೆನಪಿಡಿ: ಒಂದು ಕೆಜಿ ರಾಳಕ್ಕೆ ಗಟ್ಟಿಕಾರಕ 10ರಿಂದ 20 ಗ್ರಾಂ. ನಮ್ಮ ಬಿಸಿಲಿಗೆ ಹತ್ತರ ಹತ್ತಿರವೇ ಇರಲಿ. ಮೆಡಿಕಲ್ ಅಂಗಡಿಯ ಹತ್ತು ಮಿಲಿ ಸಿರಿಂಜ್ ತೆಗೆದುಕೊಳ್ಳಿ, ಮುಚ್ಚಳದ ಅಳತೆ ಬೇಡ. ಕನ್ನಡಕ ಹಾಕದೆ ಆ ಸೀಸೆಯ ಬಿರಡೆ ತೆಗೆಯಬೇಡಿ, ಒಂದು ಹನಿ ಸಿಡಿದರೂ ಕಣ್ಣು ಹೋಗಬಹುದು. ನೇರಳೆ ಬಣ್ಣದ ಕೋಬಾಲ್ಟ್ ದ್ರಾವಣ ಬೇರೆಯಾಗಿ ಕೊಟ್ಟಿದ್ದರೆ ಅದನ್ನೂ ಗಟ್ಟಿಕಾರಕವನ್ನೂ ನೇರವಾಗಿ ಬೆರೆಸಲೇಬಾರದು, ಬೆಂಕಿ ಹೊತ್ತಿಕೊಳ್ಳುತ್ತದೆ. ಕೋಬಾಲ್ಟನ್ನು ರಾಳಕ್ಕೆ ಹಾಕಿ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದು. ಎರಡನ್ನೂ ಒಂದೇ ಕಪಾಟಿನಲ್ಲಿ ಇಡಬೇಡಿ.

ವಾಣಿವಿಲಾಸ ದಂಡೆ – ಸೋಮವಾರ

ಮೇಡಂ ಹೇಳಿದ್ದು ಸರಿ, ಆದರೆ ಎಲ್ಲರೂ ಫೈಬರ್ ಕಡೆಗೇ ನೋಡುತ್ತಿದ್ದೀರಿ. ನಮ್ಮದು ಮರದ ದೋಣಿ, ಮಾರಿಕಣಿವೆಯ, ಅಂದರೆ ವಾಣಿವಿಲಾಸ ಸಾಗರದ, ಹಿನ್ನೀರಿನ ಬಳಿ ಇದೆ. ನಮ್ಮ ಭಾಗದಲ್ಲಿ ದೋಣಿ ಹಾಳಾಗುವುದು ನೀರಿನಿಂದಲ್ಲ, ನೀರಿಲ್ಲದ್ದರಿಂದ. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಅಂಥ ನೀರನ್ನು ನಂಬಿ ದೋಣಿ ಇಟ್ಟುಕೊಂಡವನ ಪಾಡು ಊಹಿಸಿ.

2022ರ ಮಳೆಗಾಲದಲ್ಲಿ ನೀರು ಏರುತ್ತಿದೆ ಎಂದು ತಿಳಿದು ಓಡಿ ಹೋದೆ. ಹಲಗೆಗಳ ಸಂದಿಯಲ್ಲಿ ಹತ್ತು ಪೈಸೆ ನಾಣ್ಯ ತೂರುವಷ್ಟು ಬಿರುಕು. ದಾವಣಗೆರೆಯಿಂದ ಹತ್ತಿ ತಂದು, ಬತ್ತಿ ಹೊಸೆದು, ಉಳಿ ಸುತ್ತಿಗೆ ಹಿಡಿದು ಸಂದಿಗಳಿಗೆ ಬಿಗಿಯಾಗಿ ತುರುಕಿದೆ, ಮೇಲೆ ಪುಟ್ಟಿ. ಎಷ್ಟು ಬಿಗಿ ಎಂದರೆ ನನಗೇ ಹೆಮ್ಮೆ. ನೀರಿಗಿಳಿಸಿದ ಮೂರನೆಯ ದಿನ ಮರ ನೀರು ಕುಡಿದು ಹಿಗ್ಗಿತು. ಹಿಗ್ಗಲು ಜಾಗವಿಲ್ಲ. ಒಂದು ಹಲಗೆ ಪಕ್ಕೆಯ ಮೊಳೆಗಳನ್ನು ಕಿತ್ತುಕೊಂಡು ಹೊರಗೆ ಎದ್ದು ನಿಂತಿತು. ಒಣ ಮರದ ಸಂದಿಯನ್ನು ತುಂಬಬಾರದು. ಮೊದಲು ಒದ್ದೆ ಗೋಣಿಚೀಲ ಹಾಸಿ, ದಿನಕ್ಕೆರಡು ಬಾರಿ ನೀರು ಚಿಮುಕಿಸಿ ಒಂದು ವಾರ ನೆನೆಸಬೇಕು. ಆಮೇಲೂ ಉಳಿದ ಸಂದಿಗೆ ಮಾತ್ರ ಹತ್ತಿ.

ಈಗ ಬೇಸಿಗೆಯಲ್ಲಿ ಒಳಗೆ ನಾಲ್ಕು ಕೊಡ ನೀರು ಸುರಿದು, ಮೇಲೆ ತೆಂಗಿನ ಗರಿ ಹೊಚ್ಚಿ ಬಿಡುತ್ತೇನೆ. ಊರವರು ಎಮ್ಮೆಗೆ ಬಾನಿ ಮಾಡಿದ್ದೀಯಾ ಎಂದು ಕೇಳುತ್ತಾರೆ.

ತೋಳಹುಣಸೆ ದೋಣಿ – ಮುಂದಿನ ಶನಿವಾರ

ಹಿಂಬದಿ ಖಾಲಿ ಮಾಡಿ ಒಣಗಲು ಬಿಟ್ಟಿದ್ದೇನೆ. ಎರಡು ಗೊಬ್ಬರದ ಚೀಲ ತುಂಬ ಕೊಳೆತ ಮರ ಬಂತು. ಅಷ್ಟರೊಳಗೆ ತಳದ ಸೋರಿಕೆ ಮುಗಿಸೋಣವೆಂದು ಪಾಲಿಯೆಸ್ಟರ್ ಕಲಸಿದೆ. ತಪ್ಪು ಎಲ್ಲಾಯಿತೆಂದು ನೀವೇ ಹೇಳಿ.

ಮಧ್ಯಾಹ್ನ ಹನ್ನೆರಡೂವರೆ. ಒಂದೇ ಸಲಕ್ಕೆ ಮುಕ್ಕಾಲು ಕೆಜಿ ರಾಳ, ಸ್ನಾನದ ಪ್ಲಾಸ್ಟಿಕ್ ಮಗ್ಗಿನಲ್ಲಿ. ಬೇಗ ಗಟ್ಟಿಯಾಗಲಿ ಎಂದು ಸಿರಿಂಜಿನಲ್ಲಿ ಎರಡೂವರೆ ಬಾರಿ ಹಾಕಿದೆ. ಮೊದಲ ಪದರ ಬಳಿದು ಮ್ಯಾಟ್ ಹಾಸಿ ತಿರುಗುವುದರೊಳಗೆ ಮಗ್ಗು ಸಣ್ಣಗೆ ಟಪ್ ಟಪ್ ಎನ್ನತೊಡಗಿತು. ಬಗ್ಗಿ ನೋಡಿದರೆ ರಾಳ ಜೇನುತುಪ್ಪದಿಂದ ಜೆಲ್ಲಿಯಾಗಿ, ಜೆಲ್ಲಿಯಿಂದ ಗಾಜಾಗಿ, ನಡುವೆ ಬಿರುಕು ಬಿಡುತ್ತಿದೆ. ಬಿಳಿ ಹೊಗೆ. ಮಗ್ಗಿನ ತಳ ಮೆತ್ತಗಾಗಿ ವಾಲಿತು. ಷಡ್ಡಕ ದೂರದಿಂದಲೇ, «ಅಡುಗೆ ಆಯಿತೇ?» ಎಂದು ಕೇಳಿದ. ಕುಂಚ ಅದರೊಳಗೇ ಸಮಾಧಿಯಾಗಿದೆ.

ಎರಡನೆಯ ಬಾರಿ ಬೆಳಿಗ್ಗೆ ಆರು ಗಂಟೆಗೆ, ಕಾಲು ಕೆಜಿ, ಅಳತೆಯಂತೆ ಮಾಡಿದೆ. ಚೆನ್ನಾಗಿ ಕೂತಿತು. ಆದರೆ ಮೂರು ದಿನವಾದರೂ ಮೇಲ್ಮೈ ಅಂಟಂಟು. ಉಜ್ಜುಕಾಗದ ಹಚ್ಚಿದರೆ ಮೆತ್ತಿಕೊಳ್ಳುತ್ತದೆ. ಮತ್ತೆ ಎಲ್ಲ ಕೀಳಬೇಕೇ?

ಬಸವಾಪಟ್ಟಣ ರಸಾಯನ – ಶನಿವಾರ ಸಂಜೆ

ಕೀಳಬೇಡಿ. ಒಳಗೆ ಗಟ್ಟಿಯಾಗಿದೆ. ಗಾಳಿಯ ಆಮ್ಲಜನಕ ತಗಲುವ ಮೇಲ್ಪದರ ಮಾತ್ರ ಪೂರ್ತಿ ಗಟ್ಟಿಯಾಗುವುದಿಲ್ಲ, ಆ ರಾಳದ ಗುಣವೇ ಅದು. ಇನ್ನೊಂದು ಪದರ ಹಾಕುವುದಿದ್ದರೆ ಈ ಅಂಟು ಒಳ್ಳೆಯದೇ, ಎರಡೂ ಬೆಸೆದುಕೊಳ್ಳುತ್ತವೆ. ಕೊನೆಯ ಪದರಕ್ಕೆ ಮಾತ್ರ ಮೇಣ ಬೆರೆಸಿದ ರಾಳ ಕೇಳಿ ತನ್ನಿ. ಮೇಣ ಮೇಲೆ ತೇಲಿ ಬಂದು ಗಾಳಿಯನ್ನು ತಡೆಯುತ್ತದೆ. ಇಲ್ಲವೇ ಒದ್ದೆ ಇರುವಾಗಲೇ ಮೇಲೆ ದಪ್ಪ ಪಾಲಿಯೆಸ್ಟರ್ ಹಾಳೆ ಹಾಸಿ, ಗುಳ್ಳೆಯಿಲ್ಲದಂತೆ ಒತ್ತಿ, ಮರುದಿನ ಸುಲಿಯಿರಿ. ಗಾಜಿನಂತೆ ಬರುತ್ತದೆ.

ಮಗ್ಗಿನ ಕಥೆಗೆ: ರಾಳ ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತದೆ. ಆಳದ ಪಾತ್ರೆಯಲ್ಲಿ ಬಿಸಿ ಹೊರಹೋಗದೆ ಇನ್ನಷ್ಟು ಬಿಸಿಯಾಗುತ್ತದೆ. ಅಗಲ ತಟ್ಟೆಯಲ್ಲಿ ಸುರಿದುಕೊಂಡರೆ ಅದೇ ರಾಳ ದುಪ್ಪಟ್ಟು ಹೊತ್ತು ಕೆಲಸ ಕೊಡುತ್ತದೆ. ಎಪಾಕ್ಸಿಗೂ ಇದೇ ನಿಯಮ. ಆದರೆ ಎಪಾಕ್ಸಿಯಲ್ಲಿ ಗಟ್ಟಿಕಾರಕ ಹೆಚ್ಚು ಕಡಿಮೆ ಮಾಡುವ ಸ್ವಾತಂತ್ರ್ಯವಿಲ್ಲ. ಡಬ್ಬಿಯ ಮೇಲೆ ಬರೆದ ಪ್ರಮಾಣವೇ ಅಂತಿಮ. ಗಟ್ಟಿಯಾದ ಎಪಾಕ್ಸಿಯ ಮೇಲೆ ಕೆಲವೊಮ್ಮೆ ಮೇಣದಂಥ ಜಿಡ್ಡು ಬರುತ್ತದೆ, ಮೋಡ ಮುಸುಕಿದ ದಿನಗಳಲ್ಲಿ ಹೆಚ್ಚು. ಅದನ್ನು ಬರೀ ನೀರು ಮತ್ತು ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್‌ನಿಂದ ತೊಳೆದು ಆಮೇಲೆ ಉಜ್ಜಿ.

ಸುಮ್ಮನೆ ಓದುವವ – ಶನಿವಾರ ರಾತ್ರಿ

ದೋಣಿಯಿಲ್ಲ, ಕೆರೆಯೂ ಇಲ್ಲ, ಚಳ್ಳಕೆರೆಯವನು. ಆದರೂ ಪ್ರತಿದಿನ ಬಂದು ಓದುತ್ತಿದ್ದೇನೆ.

ಪಂಪ್‌ಸೆಟ್ ವೈರಿಂಗ್, ಹೊಳಲ್ಕೆರೆ – ಭಾನುವಾರ

ಮೋಟಾರಿನ ವಿಷಯಕ್ಕೆ ಬರೋಣ. 12 ವೋಲ್ಟಿನ, 55 ಪೌಂಡ್ ತಳ್ಳುವ ಬಲದ ಮೋಟಾರು ಹದಿನಾಲ್ಕು ಅಡಿಗೆ ಸಾಕು. ಪೂರ್ಣ ವೇಗದಲ್ಲಿ ಅದು ಸುಮಾರು 50 ಆಂಪಿಯರ್ ಎಳೆಯುತ್ತದೆ. ಮನೆಯ ಯುಪಿಎಸ್‌ನ 150 ಎಎಚ್ (ಆಂಪಿಯರ್-ಗಂಟೆ) ಟ್ಯೂಬ್ಯುಲರ್ ಬ್ಯಾಟರಿ ತರುತ್ತೇನೆ ಎನ್ನುತ್ತೀರಿ ಎಂದು ಗೊತ್ತು, ಎಲ್ಲರೂ ಅದನ್ನೇ ತರುತ್ತಾರೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೀರಿದರೆ ಅದರ ಆಯುಷ್ಯ ಹೀರಿದಂತೆ. ಪೂರ್ಣ ವೇಗದಲ್ಲಿ ಒಂದು ಗಂಟೆ ಸಿಕ್ಕರೆ ಪುಣ್ಯ. ಮೂರನೇ ಒಂದು ವೇಗದಲ್ಲಿ 15 ಆಂಪಿಯರ್ ಸುತ್ತಮುತ್ತ ಎಳೆದರೆ ನಾಲ್ಕು ಗಂಟೆ ಓಡಾಡಬಹುದು. ತೂಕ ಐವತ್ತು ಕೆಜಿಗೂ ಮೇಲೆ, ವಾಲಿದರೆ ಆಮ್ಲ ಚೆಲ್ಲುತ್ತದೆ, ಆದ್ದರಿಂದ ಹಿಂಬದಿಯಲ್ಲಿಡದೆ ನಡು ಆಸನದ ಕೆಳಗೆ ಪೆಟ್ಟಿಗೆಯಲ್ಲಿ ಬೆಲ್ಟ್ ಹಾಕಿ ಕಟ್ಟಿ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 100 ಎಎಚ್‌ಗೆ ಹನ್ನೆರಡು ಕೆಜಿ ಆಸುಪಾಸು, ಆದರೆ ದುಡ್ಡು ನೋಡಿಕೊಳ್ಳಿ.

ಬ್ಯಾಟರಿ ನಡುವೆ ಹೋಯಿತೆಂದರೆ ತಂತಿ ಉದ್ದವಾಯಿತು. ಇಲ್ಲಿ ಜನ ಮೋಸ ಹೋಗುತ್ತಾರೆ. ನಾಲ್ಕು ಮೀಟರ್ ದೂರ ಎಂದರೆ ಹೋಗಿ ಬರಲು ಎಂಟು ಮೀಟರ್ ತಾಮ್ರ. 6 ಚದರ ಮಿ.ಮೀ. ತಂತಿಯಲ್ಲಿ 50 ಆಂಪಿಯರ್ ಹರಿದರೆ ದಾರಿಯಲ್ಲೇ 1.2 ವೋಲ್ಟ್ ಸೋರಿಹೋಗುತ್ತದೆ. ಹನ್ನೆರಡರಲ್ಲಿ ಹತ್ತನೆಯ ಒಂದು ಪಾಲು ತಂತಿ ಬಿಸಿ ಮಾಡಲು ಖರ್ಚು. 16 ಚದರ ಮಿ.ಮೀ. ಹಾಕಿದರೆ ನಷ್ಟ ಅರ್ಧ ವೋಲ್ಟಿಗೂ ಕಡಿಮೆ. ಪಂಪ್‌ಸೆಟ್ಟಿಗೆ ಎಳೆದು ಉಳಿದ ತಂತಿ ಮನೆಯಲ್ಲಿದೆ ಎಂದು ಅಲ್ಯೂಮಿನಿಯಂ ತರಬೇಡಿ. 60 ಆಂಪಿಯರ್ ಬ್ರೇಕರನ್ನು ಬ್ಯಾಟರಿಯ ಪಕ್ಕದಲ್ಲೇ ಹಾಕಿ, ಮೋಟಾರಿನ ಪಕ್ಕದಲ್ಲಲ್ಲ. ನಡುವಿನ ತಂತಿ ಉಜ್ಜಿ ಷಾರ್ಟ್ ಆದರೆ ಕಾಯುವುದು ಅದೇ. ಚಾರ್ಜ್ ಮಾಡುವಾಗ ಪೆಟ್ಟಿಗೆಯ ಮುಚ್ಚಳ ತೆರೆದಿರಲಿ, ಜಲಜನಕ ಹೊರಹೋಗಬೇಕು.

ವಾಣಿವಿಲಾಸ ದಂಡೆ – ಭಾನುವಾರ

ಇಷ್ಟು ತೊಂದರೆ ಏಕೆ? ಹಳೆಯ ಟು ಸ್ಟ್ರೋಕ್ ಪೆಟ್ರೋಲ್ ಎಂಜಿನ್ ಕಟ್ಟಿದರೆ ಒಂದೇ ಹಗ್ಗಕ್ಕೆ ಹೊರಡುತ್ತದೆ. ನನ್ನ ಬಳಿ ಇದೆ. ಸಮುದ್ರದಲ್ಲಿದ್ದ ಎಂಜಿನ್ ತರುವವರಿಗೆ ಒಂದು ಕಿವಿಮಾತು: ತುಕ್ಕು ತಡೆಯಲು ಕಾಲಿಗೆ ಕಟ್ಟಿರುವ ಬಲಿಲೋಹ ಸತುವಿನದಾಗಿರುತ್ತದೆ. ಸತು ಉಪ್ಪುನೀರಿಗೆ ಸರಿ. ನಮ್ಮ ಸಿಹಿನೀರಿನಲ್ಲಿ ಅದರ ಮೇಲೆ ಬಿಳಿ ಪೊರೆ ಕಟ್ಟಿ ಕೆಲಸ ನಿಲ್ಲಿಸುತ್ತದೆ, ಬದಲಿಗೆ ಎಂಜಿನ್ನಿನ ಅಲ್ಯೂಮಿನಿಯಂ ಸವೆಯುತ್ತದೆ. ಸಿಹಿನೀರಿಗೆ ಮೆಗ್ನೀಸಿಯಂ ಹಾಕಬೇಕು. ಗೇರಿನ ಎಣ್ಣೆ ಬದಲಿಸುವಾಗ ಹಾಲು ಬೆರೆತ ಕಾಫಿಯಂತೆ ಕಂಡರೆ ಸೀಲು ಹೋಗಿದೆ ಎಂದರ್ಥ.

ಬಸವಾಪಟ್ಟಣ ರಸಾಯನ – ಭಾನುವಾರ

ಕ್ಷಮಿಸಿ, ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ಸೂಳೆಕೆರೆಯ ನೀರೂ ನಿಮ್ಮ ಮಾರಿಕಣಿವೆಯ ನೀರೂ ಚಿತ್ರದುರ್ಗದ ಕೊಳಾಯಿಗಳಲ್ಲಿ ಬರುತ್ತದೆ. ಟು ಸ್ಟ್ರೋಕ್ ಎಂಜಿನ್ ತನ್ನ ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸಿಕೊಂಡು, ಸುಡದೆ ಉಳಿದದ್ದನ್ನು ನೀರೊಳಗೇ ಉಗುಳುತ್ತದೆ. ಕುಡಿಯುವ ನೀರಿನಲ್ಲಿ ಮೋಜಿಗೆ ಅದು ಬೇಕೇ?

ವಾಣಿವಿಲಾಸ ದಂಡೆ – ಭಾನುವಾರ ರಾತ್ರಿ

ಮೇಡಂ, ವರ್ಷಕ್ಕೆ ನಾಲ್ಕು ದಿನ ಓಡಿಸುವ ಎಂಜಿನ್. ಊರಿನ ಚರಂಡಿಯಿಂದ ಬರುವುದರ ಮುಂದೆ ಇದು ಎಷ್ಟರದು? ಆದರೂ ನಿಮ್ಮ ಮಾತಿಗೆ ಎದುರು ಮಾತಿಲ್ಲ. ಈ ಬಾರಿ ಹುಟ್ಟು ಹಾಕುತ್ತೇನೆ.

ಹಳೇ ಲೇತು, ಹರಿಹರ – ಸೋಮವಾರ

ವಿದ್ಯುತ್ ಆಗಲಿ ಪೆಟ್ರೋಲ್ ಆಗಲಿ, ಮೋಟಾರು ಕಟ್ಟಿದ ಮೇಲೆ ಅದು ಯಂತ್ರಚಾಲಿತ ದೋಣಿ. 1917ರ ಕಾಯ್ದೆಯ ಜಾಗಕ್ಕೆ ಬಂದಿರುವ 2021ರ ಒಳನಾಡು ಹಡಗುಗಳ ಕಾಯ್ದೆಯಲ್ಲಿ ಅಂಥದ್ದಕ್ಕೆ ತಪಾಸಣೆ, ನೋಂದಣಿ ಎರಡೂ ಇವೆ. ಕೆರೆಯ ಉಸ್ತುವಾರಿ ಯಾರದೋ ಆ ಕಚೇರಿಯಿಂದ ಬರಹದಲ್ಲಿ ಅನುಮತಿ ತೆಗೆದುಕೊಳ್ಳಿ. «ಯಾರೂ ಕೇಳುವುದಿಲ್ಲ ಬಿಡಿ» ಎನ್ನುವವರು ಕೇಳುವ ದಿನ ಜೊತೆಗಿರುವುದಿಲ್ಲ.

ತೋಳಹುಣಸೆ ದೋಣಿ – ಎರಡು ವಾರದ ನಂತರ

ಹಿಂಬದಿ ಮುಗಿಯಿತು! ಹಂಡೆ ಪರೀಕ್ಷೆಯಲ್ಲಿ ಮೊದಲ ಅಂಗಡಿಯ ಹಲಗೆ ಬಿಚ್ಚಿಕೊಂಡಿತು, ಎರಡನೆಯದು ಗಟ್ಟಿಯಾಗಿ ನಿಂತಿತು. ಅನುಮತಿಗೆ ಅರ್ಜಿ ಕೊಟ್ಟಿದ್ದೇನೆ. ಇನ್ನೊಂದು ಪ್ರಶ್ನೆ. ಆಸನದ ಪೆಟ್ಟಿಗೆಗಳೊಳಗೆ ಮೊದಲು ಏನೋ ಸ್ಪಂಜು ಇತ್ತು, ನೀರು ಕುಡಿದು ಕಲ್ಲಿನ ತೂಕವಾಗಿತ್ತು. ಅದನ್ನು ತೆಗೆದು ಥರ್ಮಾಕೋಲ್ ತುಂಬಿ ಮೇಲೆ ರಾಳ ಹಾಕಲೇ?

ಹೊನ್ನಾಳಿ ಹರಿಗೋಲು – ಅದೇ ದಿನ

ನಾನು ಮಾಡಿ ನೋಡಿದ್ದೇನೆ. ಪಾಲಿಯೆಸ್ಟರ್ ಸುರಿದ ಕೂಡಲೇ ಥರ್ಮಾಕೋಲ್ ಬಿಸಿ ಬೆಣ್ಣೆಯಂತೆ ಕರಗಿ ತಳದಲ್ಲಿ ಬಿಳಿ ಲೋಳೆಯಾಗಿ ಕೂತಿತು. ಆ ದೋಣಿ ಈಗ ಕೋಳಿಗೂಡು.

ಹಳೇ ಲೇತು, ಹರಿಹರ – ಅದೇ ದಿನ

ಅದೇ ಸ್ಟೈರೀನಿನ ಕೆಲಸ. ಎಪಾಕ್ಸಿಯಾದರೆ ಕರಗುವುದಿಲ್ಲ, ಆದರೆ ಅಷ್ಟು ದುಡ್ಡು ಅಲ್ಲಿ ಸುರಿಯಬೇಡಿ. ಲೆಕ್ಕ ಹಾಕೋಣ. ಫೈಬರ್ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ನಿಮ್ಮ ದೋಣಿಯ ಮೈ 150 ಕೆಜಿ ಇದೆ ಎಂದುಕೊಂಡರೆ ನೀರೊಳಗೆ ಅದು ತೂಗುವುದು 50 ಕೆಜಿ. ಬ್ಯಾಟರಿ, ಮೋಟಾರು, ಚಿಲ್ಲರೆ ಸಾಮಾನು ಸೇರಿ ನೂರು ಕೆಜಿ ಎತ್ತುವ ವ್ಯವಸ್ಥೆ ಇರಲಿ. ಬಿರಡೆ ಬಿಗಿದ 20 ಲೀಟರ್ ನೀರಿನ ಕ್ಯಾನು ತನ್ನ ತೂಕ ಕಳೆದು 19 ಕೆಜಿ ಎತ್ತುತ್ತದೆ. ಆರು ಕ್ಯಾನು ಸಾಕು. ಎರಡು ಮುಂದೆ, ನಾಲ್ಕು ಬದಿಗಳಲ್ಲಿ ಎತ್ತರಕ್ಕೆ. ಎಲ್ಲವನ್ನೂ ತಳದಲ್ಲೇ ಇಟ್ಟರೆ ನೀರು ತುಂಬಿದ ದೋಣಿ ಮಗುಚಿಕೊಳ್ಳುತ್ತದೆ. ಪಟ್ಟಿ ಹಾಕಿ ಬಿಗಿಯಿರಿ. ಬಿಸಿಲು ಬೀಳದಂತೆ ಆಸನದ ಒಳಗಿರಲಿ, ಇಲ್ಲದಿದ್ದರೆ ಎರಡೇ ಬೇಸಿಗೆಗೆ ಸೀಳುತ್ತವೆ.

ಕ್ಯಾನು ದೋಣಿಯನ್ನು ತೇಲಿಸುತ್ತದೆ, ನಿಮ್ಮನ್ನಲ್ಲ. ಲೈಫ್ ಜಾಕೆಟ್ ತೊಟ್ಟೇ ಹತ್ತಿ, ಆಸನದ ಕೆಳಗೆ ಇಟ್ಟದ್ದು ಇದ್ದೂ ಇಲ್ಲದಂತೆ.

ತೋಳಹುಣಸೆ ದೋಣಿ – ಒಂದು ತಿಂಗಳ ನಂತರ

ಅನುಮತಿ ಬಂತು, ಮೊನ್ನೆ ಇಳಿಸಿದೆವು. ಹರಿಹರದ ಯಜಮಾನರು ಮೋಟಾರಿಗೆ ಅಲ್ಯೂಮಿನಿಯಂ ತಟ್ಟೆ ಕೊರೆದು, ಸ್ಟೀಲ್ ಬೋಲ್ಟ್ ನೇರವಾಗಿ ತಗಲದಂತೆ ನೈಲಾನ್ ಬುಷ್ ಮಾಡಿಕೊಟ್ಟು, ಕಾಸು ಕೊಡಲು ಹೋದರೆ ಬೆಣ್ಣೆ ದೋಸೆ ತಿನ್ನಿಸು ಎಂದರು. ಎರಡು ತಿನ್ನಿಸಿದೆ.

ಹೊರಮೈಯ ಬಿಳಿ ಪುಡಿಗೆ ಕಾರಿಗೆ ಹಚ್ಚುವ ಉಜ್ಜು ಪೇಸ್ಟ್ ಮತ್ತು ಮೇಣ, ಎರಡು ಭಾನುವಾರದ ಕೆಲಸ. ಒಂದು ಬದಿ ಮುಗಿದಾಗ ತೋಳು ಬಿದ್ದುಹೋಗಿತ್ತು. ಇನ್ನೊಂದು ಬದಿಯ ಹೊಳಪು ಸ್ವಲ್ಪ ಕಡಿಮೆ, ದಯವಿಟ್ಟು ಆ ಕಡೆಯಿಂದ ನೋಡಬೇಡಿ.

ಕ್ಲ್ಯಾಂಪ್ ಮೀಟರಿನಲ್ಲಿ ಪೂರ್ಣ ವೇಗಕ್ಕೆ 46 ಆಂಪಿಯರ್, ಎರಡನೇ ಹಂತಕ್ಕೆ 14. ಪೂರ್ಣ ವೇಗದಲ್ಲಿ ಹೋದರೂ ದೋಣಿ ಹೆಚ್ಚೇನೂ ಓಡುವುದಿಲ್ಲ, ಮುಂದೆ ಅಲೆ ಎಬ್ಬಿಸುತ್ತದೆ, ಅಷ್ಟೆ. ಹಾಗಾಗಿ ಎರಡರಲ್ಲೇ ಹೋದೆವು. ಒಂದು ಎಡವಟ್ಟಾಯಿತು. ಗಾಳಿ ಬೆನ್ನಿಗಿತ್ತು, ಹೂವಿನ ಮೇಲೆ ಹೋದಂತೆ ಕೆರೆಯ ನಡುವಿಗೆ ಹೋದೆವು. ತಿರುಗಿದಾಗ ಎದುರು ಗಾಳಿ. ಬರುವಾಗ ಅರ್ಧ ಗಂಟೆಯ ದಾರಿಗೆ ಒಂದೂಕಾಲು ಗಂಟೆ. ದಡ ಸೇರಿದಾಗ ಬ್ಯಾಟರಿ 12.1 ತೋರಿಸುತ್ತಿತ್ತು. ಹುಟ್ಟು ಇಟ್ಟುಕೊಂಡಿದ್ದು ಒಳ್ಳೆಯದಾಯಿತು.

ಪಂಪ್‌ಸೆಟ್ ವೈರಿಂಗ್, ಹೊಳಲ್ಕೆರೆ – ಅದೇ ದಿನ

ಹೋಗುವಾಗಲೇ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಅದು ತಳ್ಳಿಕೊಂಡು ಬರುತ್ತದೆ. ಚಿತ್ರದುರ್ಗದ ಗುಡ್ಡದ ಮೇಲೆ ಅಷ್ಟೊಂದು ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿದ್ದಾರೆಯೇ? ಆಷಾಢದಲ್ಲಂತೂ ಇಳಿಯಲೇಬೇಡಿ.

ವಾಣಿವಿಲಾಸ ದಂಡೆ – ಅದೇ ದಿನ

ಒಳಗೆ ನೀರು ಬಂತೇ?

ತೋಳಹುಣಸೆ ದೋಣಿ – ಅದೇ ದಿನ

ಅರ್ಧ ಲೋಟ. ಸೋರಿದ್ದಲ್ಲ, ಹತ್ತುವಾಗ ಷಡ್ಡಕನ ಪ್ಯಾಂಟಿನಿಂದ ಇಳಿದದ್ದು. ಈ ಬಾರಿ ಮಗುಚಿಡುವಾಗ ನಾಲ್ಕು ಇಟ್ಟಿಗೆಯ ಮೇಲೆ ಎತ್ತಿ, ಟಾರ್ಪಾಲು ಬಿಗಿಯಾಗಿ ಸುತ್ತದೆ, ಗಾಳಿಯಾಡುವಂತೆ ಗೂಟಕ್ಕೆ ಕಟ್ಟುತ್ತೇನೆ. ಕೇರೆ ಹಾವಿಗೆ ಬೇರೆ ಮನೆ ನೋಡಿಕೊಳ್ಳಲು ಹೇಳಿದ್ದಾಯಿತು.

ಅಂದ ಹಾಗೆ ಒಂದೂವರೆ ಮೀಟರ್ ಮ್ಯಾಟ್, ಅರ್ಧ ಕೆಜಿ ಪಾಲಿಯೆಸ್ಟರ್ ರಾಳ ಉಳಿದಿವೆ. ರಾಳ ಹೆಚ್ಚು ದಿನ ಇಟ್ಟರೆ ಡಬ್ಬಿಯಲ್ಲೇ ಗಟ್ಟಿಯಾಗುತ್ತದಂತೆ. ಬೇಕಾದವರು ಬಂದು ಒಯ್ಯಬಹುದು.

ಸುಮ್ಮನೆ ಓದುವವ – ಅದೇ ದಿನ ರಾತ್ರಿ

ನನಗೆ ಇಟ್ಟಿರಿ, ಭಾನುವಾರ ಚಳ್ಳಕೆರೆಯಿಂದ ಬರುತ್ತೇನೆ. ಮನೆಯ ಕೂಲರಿನ ತಳ ಸೋರುತ್ತಿದೆ. ಬೆಳಿಗ್ಗೆ ಆರು ಗಂಟೆ, ಕಾಲು ಕೆಜಿ, ಅಗಲ ತಟ್ಟೆ, ಎಲ್ಲ ಬರೆದಿಟ್ಟುಕೊಂಡಿದ್ದೇನೆ.